ಮೊದಲ ಸುತ್ತು ಉಸ್ತಾದರದು

...ಹೂಂ ಅನ್ರಿ, ಊಹೂಂ ಅನ್ರಿ, ಏನರ ಒಂದು ಅನ್ರಿ ಉಸ್ತಾದ್! ಆಗ್ಲಿಂದ ನಾನೊಬ್ಬನ ಒದರಾಕತ್ತೀನಿ. ಮಗ ಸತ್ತ ಮ್ಯಾಲ ಚಾಂದಸಾಬ್ ಉಸ್ತಾದ್ರು ಬಾಯಿಗೆ ಬೀಗ ಹಾಕ್ಕೊಂಡಾರ ಅಂತ ಕೌಲ್ ಬಜಾರಿನ ಮಂದಿಯೆಲ್ಲ ಅಂತಿದ್ರು, ನಾ ನಂಬಿದ್ದಿಲ್ಲ. ಗಿರಾಕಿ ಬಂದ್ರ ಗಾಡಿ ಮಾಡ್ತಾರ, ಕೈ ಒರೆಸ್ಕೋತಾರ, ಕುಂಡ್ರತಾರ, ಅಷ್ಟ ಅಂತ. ಬ್ಯಾರೇರ ಕೂಡ ಬ್ಯಾಡ್ರಿ, ನನ್ನ ಕೂಡ? ಈ ಗವಿಸಿದ್ದೇಶನ ಕೂಡ? ಪಾನಾ ಯಾವ ಕಡಿ ಹಿಡೀಬೇಕಂತ ತಿಳೀದಾವನ್ನ ನೀವ ಅಲ್ಲೇನ್ರಿ ಮೆಕ್ಯಾನಿಕ್ ಮಾಡಿದ್ದು?

ಇರ್ಲಿ ಬಿಡ್ರಿ. ಕೆಲಸ ಮಾಡ್ರಿ. ಎಣ್ಣಿ ಬದಲಿ ಮಾಡ್ರಿ, ಫಿಲ್ಟರ್ ಬದಲಿ ಮಾಡ್ರಿ, ನನ್ನ ಹಾದಿ ನಾ ಹಿಡೀತೀನಿ. ಕುರುಗೋಡು ಮುಟ್ಟಿ, ಅಲ್ಲಿಂದ ಸಿರುಗುಪ್ಪ ಮುಟ್ಟಬೇಕು, ಹೊತ್ತು ಮುಳುಗೋದ್ರಾಗ. ಸಾಹುಕಾರ್ರು ಜೀಪ್ ತಗೊಂಡು ಹೋಗೋ ಅಂದ್ರು. ಬ್ಯಾಡ್ರಿ ಅಂದೆ. ಜೀಪಿನಾಗ ಹೋದ್ರ ಯಾವನೋ ಕಂತ್ರಾಟದಾರ ಅನ್ಕೋತಾರ ಮಂದಿ. ಈ ಬುಲೆಟ್ ಸಪ್ಪಳ ಕೇಳಿದ್ರ ಸಾಕು, ಕುರುಗೋಡಿನ ಅದಿರು ಯಾರ್ಡಿನಾಗ ಹಮಾಲ್ರು ಬಾಯಾಗಿನ ಬೀಡಿ ಉಗುಳ್ತಾರ!

ಏನ್ ಕೆರಿಯಾಕತ್ತೀರಿ ಅಲ್ಲಿ? ಇಂಜಿನ್ ಗಾರ್ಡ್ ಮ್ಯಾಲ ಕೆಂಪಗ ಐತಲ್ಲ, ಅದಾ? ಮಣ್ಣು ಅದು. ಮೈನ್ಸ್ ಧೂಳಿ. ಇಡೀ ಬಳ್ಳಾರಿ ಕೆಂಪಾಗೈತಿ, ನನ್ನ ಗಾಡಿ ಕೆಂಪಾದ್ರೇನು?... ಅಯ್ಯ, ಉಗುರಿನಾಗ ಹಿಡದು ಮೂಸಿ ನೋಡ್ತೀರಲ್ಲ! ಮಣ್ಣಿನ ವಾಸನಿ ಇಲ್ಲೇನು?

ಹಹ್ಹಾ... ನಿಮ್ಮ ಮುಂದ ಮುಚ್ಚಿಡೋದೇನೈತಿ. ಮುಂಜಾನಿ ಒಬ್ಬಾವನ ಮಾರಿ ಹತ್ತೇತಿ ಅದಕ್ಕ. ಲಾರಿ ಡ್ರೈವರು. ಸಾಹುಕಾರ್ರ ಅದಿರು ತಗೊಂಡು ಹೋಗಿ ಬ್ಯಾರೇರ ಯಾರ್ಡಿನಾಗ ಸುರುವಿ ಬಂದಿದ್ದ ಸೂಳೇಮಗ. 'ತಪ್ಪಾತಣ್ಣಾ, ಮಕ್ಕಳದಾವಣ್ಣಾ' ಅಂದ. ತಪ್ಪಾತು ಅಂದ್ರ ಮುಗೀತೇನ್ರಿ? ಕೂದಲಾ ಹಿಡದು ಗಾರ್ಡಿಗೆ ಕುಟ್ಟಿದೆ. ಮೊದ್ಲು ಮೂಗು ಹೋತು, ಆಮ್ಯಾಲ ಹಲ್ಲು. ಹಲ್ಲು ಉದುರಿದ್ರ ಹೆಂಗ ಸಪ್ಪಳ ಬರ್ತೈತಿ ಗೊತ್ತೇನು? ನಿಮ್ಮ ಈ ಬೋಗಾಣ್ಯಾಗ ಬೇರಿಂಗಿನ ಗುಂಡು ಬಿದ್ದಂಗ. ಠಣ್, ಠಣ್, ಅಷ್ಟ. ನಂಗ ನಗಿ ಬಂತು.

ಯಾಕ ಪಾನಾ ಕೆಳಗಿಟ್ರಿ? ಹಿಡ್ಕೋರಿ, ಹಿಡ್ಕೋರಿ. ನೀವ್ಯಾಕ ಅಂಜ್ತೀರಿ? ನಾ ಇರೋ ತನಕ ನಿಮ್ಮ ಮೈ ಮುಟ್ಟಾವ ಈ ಊರಾಗ ಯಾವನೂ ಇಲ್ಲ. ಮುಟ್ಟಿದ್ರ ಕೈ ಕಡದು ಅವನ ಬಗಲಾಗ ಇಡ್ತೀನಿ.

ಬರವಲ್ದೇನು? ಫಿಲ್ಟರ್ ಮುಚ್ಚಳದ ನಟ್ಟು? ಹೋದ ಸಲ ನಾನ ಬಿಗಿ ಮಾಡಿದ್ದು, ಅದಕ್ಕ ಹಂಗ ಕುಂತೈತಿ, ಮ್ಯಾಲ ತುಕ್ಕು ಬ್ಯಾರೆ. ಸುತ್ತಿಗಿ ತಗೊಂಡು ಎರಡು ಬಾರಸ್ರಿ... ಹಾಂ ಹಾಂ ಹಾಂ, ಗೊತ್ತೈತಿ, ಕಣ್ಣು ಹಂಗ ಬಿಡಬ್ಯಾಡ್ರಿ! 'ಜಂಗ್ ಹಿಡದ ನಟ್ಟಿನ ಕೂಡ ಜಿದ್ದು ಮಾಡಬ್ಯಾಡ ಮಗನ. ಒಂದು ಹನಿ ಎಣ್ಣಿ ಬಿಡು, ಸುಮ್ಮಕ ಕುಂಡ್ರು. ಅದ ಸಡ್ಲ ಬಿಡ್ತೈತಿ.' ನೋಡ್ರಿ, ಇನ್ನಾ ಬಾಯಿಪಾಠ ಐತಿ! ನಿಮ್ಮ ಮಗ ಆಸಿಂ ಕುಂಡ್ರತಿದ್ದ ಹಂಗ, ತಪಸ್ಸಿಗೆ ಕುಂತಾವರಂಗ. ನಂಗ ಸುಮ್ಮಕ ಕುಂಡ್ರೋದು ಹುಟ್ಟಿದಾಗ್ಲಿಂದ ಬರಂಗಿಲ್ಲ. ನಾ ಸುತ್ತಿಗಿ ತಗೋತಿದ್ದೆ, ನೀವು ನನ್ನ ತಲಿ ಮ್ಯಾಲ ಮೊಟಕ್ತಿದ್ರಿ. ಸಾಹುಕಾರ್ರ ಕಡಿ ಹೋದ ಮ್ಯಾಲ ಆ ಸುತ್ತಿಗೀನ ನನಗ ಅನ್ನ ಹಾಕ್ತು.

ಎಣ್ಣಿ ಬಿಟ್ರಿ? ಬಿಡ್ರಿ. ನಿಮ್ಮ ರಿವಾಜು ನಿಮಗ. ಕುಂಡ್ರೂಣು.

ನಿಮ್ಮ ರಿವಾಜಿನ ಮ್ಯಾಲ ಇಡೀ ಬಳ್ಳಾರಿ ಆಣಿ ಮಾಡ್ತೈತ್ರಿ, ಸುಳ್ಳಲ್ಲ. ಫಿಲ್ಟರ್ ಹಾಕಿದ ಮ್ಯಾಲ ಇಂಜಿನ್ ಚಾಲೂ ಮಾಡಿ, ಮ್ಯಾಲಿನ ಬೋಲ್ಟು ಸಡ್ಲ ಮಾಡಿ, 'ನೋಡಪ್ಪಾ, ಎಣ್ಣಿ ಮ್ಯಾಲ ಏರೈತಿ' ಅಂತ ಗಿರಾಕಿಗೆ ತೋರಿಸೋದು. ಆಮ್ಯಾಲ ಮೊದಲ ಸುತ್ತು ಉಸ್ತಾದ್ರು ಹೊಡಿಯೋದು. ದರ್ಗಾ ತನಕ ಹೋಗಿ ಬಂದು ಚಾವಿ ಕೈಯಾಗ ಕೊಡೋದು. 'ನಾ ಮಾಡಿದ ಗಾಡಿ ಮ್ಯಾಲ ಮೊದ್ಲು ನನ್ನ ಜೀವ, ಆಮ್ಯಾಲ ನಿನ್ನ ಜೀವ.' ಎಂಥಾ ಮಾತು! ಬ್ಯಾರೆ ಮೆಕ್ಯಾನಿಕ್ಕರು ನಗ್ತಿದ್ರು. ಆದ್ರ ಅವರ ಗಾಡಿ ಕೆಟ್ರ ಇಲ್ಲೇ ತರ್ತಿದ್ರು.

ಪಡದಿ ಹಿಂದ ಯಾರು, ಫಕೀರಬಿ ಚಾಚೀನಾ? ಸಲಾಂ ಚಾಚಿ!... ಒಳಗ ಹೋದ್ರು. ನನ್ನ ಮಾರಿ ನೋಡವಲ್ರು. ನಿನ್ನೆ ಆಸಿಂನ ನಲವತ್ತನೇ ದಿನದ ಫಾತಿಹಾ ಆತಂತ. ನಾ ಬರಬೇಕಿತ್ತು, ಅದು ತಪ್ಪ. ಚಾಚಿ ಅಳ್ತಾರ, ನಂಗ ನೋಡಾಕ ಆಗಂಗಿಲ್ಲ, ಅದಕ್ಕ ಬರಲಿಲ್ಲ. ಅವರ ಕೈಯಾಗಿನ ಅನ್ನ ಉಂಡು ಬೆಳೆದಾವ ನಾನು. ಆಸಿಂಗ ಒಂದು ತಾಟು ಹಾಕಿದ್ರ ನಂಗೊಂದು ತಾಟು. ಲಿಂಗ ಕಟ್ಟಿದ ಹುಡುಗ ಅಂತ ನನ್ನ ಪಲ್ಲೇನ ಬ್ಯಾರೆ ಒಲಿ ಮ್ಯಾಲ ಮಾಡ್ತಿದ್ರು ಆ ತಾಯಿ...

ಬಿಡ್ರಿ. ಹಣಿಬಾರ ಅದು. ಆಸಿಂ ಕುಡತಿನಿ ದಾಟೋ ಹೊತ್ತಿಗೆ ಹಿಂದಿಂದ ಅದಿರಿನ ಲಾರಿ ಬಂತು, ಬಡೀತು, ಹೋತು. ಆ ರೋಡಿನಾಗ ದಿನಾ ಒಬ್ರು ಸಾಯ್ತಾರ. ಆದ್ರ ಡ್ರೈವರನ್ನ ನಾ ಬಿಟ್ಟೆನೇನು? ಕೇಳ್ರಿ ಯಾರ್ನರ! ವೆಂಕಣ್ಣ ಅಂತ ಅವನ ಹೆಸರು, ಆಂಧ್ರದ ಕಡ್ಯಾವ. ಹುಡುಕಿ ತಂದೆ. ಜಾಕ್ ರಾಡ್ ತಗೊಂಡು ಎರಡೂ ಮಣಕಾಲು ಪುಡಿ ಮಾಡಿದೆ. ನಿಮ್ಮ ಸಲುವಾಗಿ, ಉಸ್ತಾದ್! ಇವತ್ತಿಗೂ ಕುಂಡೀಲೆ ತೆವಳ್ತಾನ ಅವ. 'ನಂದೇನೂ ತಪ್ಪಿಲ್ಲಣ್ಣಾ, ಮುಂದಿನ ಬುಲೆಟ್ಟು ಗಪ್ಪನ ನಿಂತ್‌ಬಿಡ್ತಣ್ಣಾ, ಹಿಂದಿನ ಗಾಲಿ ತಿರುಗಲೇ ಇಲ್ಲಣ್ಣಾ' ಅಂತ ಹೊಯ್ಕೊಂಡ. ಅಷ್ಟಂದದ್ದಕ್ಕ ಬಾಯಿಗೂ ಎರಡು ಹಾಕಿದೆ.

ಯಾಕ ತಲಿ ಎತ್ತಿದ್ರಿ? ಕುಡದಿದ್ದ ಅವ. ಕುಡುಕರ ಮಾತು ಅದು, ಬಿಡ್ರಿ.

ಕೇಳ್ರಿಲ್ಲಿ. ಗಾಡಿ ಒಂದು ನೆವ, ಒಂದು ಮಾತು ಹೇಳಾಕ ಬಂದೀನಿ. ಸಾಹುಕಾರ್ರು ಪಾರ್ವತಿನಗರದ ಮನಿಗೆ ಕರೆಸಿ ಹೇಳ್ಯಾರ. ಸಿರುಗುಪ್ಪದಾಗ ಮಗಳು ಸುಹಾನಾ ಅದಾಳಲ್ಲ, ಚಾಚೀನ ಕರ್ಕೊಂಡು ಅಲ್ಲಿಗೆ ಹೋಗಿಬಿಡ್ರಿ. ಮೊಮ್ಮಗನ್ನ ಆಡಸ್ಕೊಂತ ಇರ್ರಿ. ಯಾವನರ ಬಂದು, ನಿಮ್ಮ ಮಗ ಹೇಳಬೇಕಾದ ಸಾಕ್ಷಿ ನೀವು ಹೇಳ್ರಿ, ಅವ ನಿಮ್ಮ ಮುಂದ ಏನೇನ್ ಹೇಳಿದ್ದ ಬಾಯಿ ಬಿಡ್ರಿ ಅಂತ ಕಿವ್ಯಾಗ ಊದಿದ್ರ ಹಾಂ ಅನ್ನಬ್ಯಾಡ್ರಿ. ಸಾಹುಕಾರ್ರಿಗೆ ಇಷ್ಟ ಬೇಕು: ಮುದುಕನಿಗೆ ಏನರ ಗೊತ್ತೈತೋ, ಇಲ್ಲೋ. ಗೊತ್ತಿಲ್ಲ ಅಂದ್ರ ಸಿರುಗುಪ್ಪ. ಗೊತ್ತೈತಿ ಅಂದ್ರ... ಆ ಕೆಲಸಾನೂ ನನಗ ಹಚ್ಯಾರ. ಅದಕ್ಕ ಕೈ ಮುಗಿದು ಹೇಳಾಕತ್ತೀನಿ, ನಿಮಗೇನೂ ಗೊತ್ತಿಲ್ಲ.

ಆಸಿಂಗ ಹೇಳಿದ್ದೆ ಇದನ್ನ. ಕೇಳಿದ್ನೇನು? ಕುರುಗೋಡು ಯಾರ್ಡಿಗೆ ಲಾರಿ ರಿಪೇರಿಗೆ ಹೋದಾವ ರಿಪೇರಿ ಮಾಡಬೇಕು, ಬರಬೇಕು. ಅತ್ಲಾಗ ಇತ್ಲಾಗ ನೋಡಬಾರ್ದು. ನೋಡಿದ್ರ ಕಣ್ಣು ಮುಚ್ಕೋಬೇಕಪ್ಪ! ಆ ಲಾರಿ ಡ್ರೈವರ್ ಜೋಗಪ್ಪ ಎಲ್ಲಾ ಡ್ರೈವರ್ರನ್ನೂ ಎತ್ತಿ ಕಟ್ಟಾಕತ್ತಿದ್ದ, ಓವರ್‌ಲೋಡ್ ಹಾಕಿದ್ರ ಗಾಡಿ ತೆಗೆಯಂಗಿಲ್ಲ ಅಂತ. ಸಾಹುಕಾರ್ರು ಹೊಡದು ಹಾಕು ಅಂದ್ರು, ಹೊಡದು ಹಾಕಿದೆ. ಹೌದ್ರಿ, ನಾನ. ಊರಿಗೆಲ್ಲ ಗೊತ್ತು. ಇಲ್ಲೇ ಎದುರಿನ ಚಾದಂಗಡ್ಯಾಗ ಗ್ಲಾಸು ತೊಳಿತಾಳಲ್ಲ, ಜೋಗಪ್ಪನ ಹೇಂತಿ ಚನ್ನವೀರಮ್ಮ, ಅಕಿಗೂ ಗೊತ್ತು. ಊರಿಗೆ ಗೊತ್ತಿದ್ರ ಏನೂ ಆಗಂಗಿಲ್ರಿ. ಒಬ್ಬಾವ ಕೋರ್ಟಿನಾಗ ನಿಂತು ಕೈ ತೋರಿಸಿದ್ರ ಆಗ್ತೈತಿ. ಆ ಒಬ್ಬಾವ ನಮ್ಮ ಆಸಿಂನ ಆಗಬೇಕಿತ್ತೇನು? ಕಾಲು ಹಿಡ್ಕೊಂಡೆ ಅವಂದು. ಏನಂದ ಗೊತ್ತೇನ್ರಿ? 'ಗವ್ಯಾ, ಜೋಗಪ್ಪ ಸಾಯೋ ಮುಂದ ನನ್ನ ಕಡಿ ನೋಡಿ ನೀರು ಕೇಳಿದ. ನೀ ಅವನ ಬಾಯಿ ಮ್ಯಾಲ ಕಾಲಿಟ್ಟಿ. ನಂಗ ನಿದ್ದಿ ಹತ್ತವಲ್ದು.' ನಿದ್ದಿ ಹತ್ತವಲ್ದಂತ! ನಿದ್ದಿ ಹತ್ತವಲ್ದು ಅಂತ ಗೆಳೆಯಾನ್ನ ಗಲ್ಲಿಗೆ ಹಾಕ್ತಾರೇನ್ರಿ ಯಾರರ?

...ಬಂತಾ? ನಟ್ಟು ಬಂತಾ? ಅರೆರೆ, ಬೊಟ್ಟಿನಾಗ ತಿರುಗಾಕತ್ತೈತಲ್ಲ! ಸುಮ್ಮಕ ಕುಂತದ್ದಕ್ಕ ಬಂತು ನೋಡ್ರಿ. ಹಾಂ, ಮುಚ್ಚಳಾ ತಗೀರಿ. ಸ್ಪ್ರಿಂಗು ಹಾರೀತು, ಬೊಟ್ಟು ಇಟ್ಕೋರಿ. ಥೂ, ಫಿಲ್ಟರ್ ನೋಡ್ರಿ ಹೆಂಗಾಗೈತಿ! ಗಟಾರದಾಗ ಅದ್ದಿ ತೆಗೆದಂಗ. ಈ ಧೂಳ್ಯಾಗ ಗಾಡಿ ಹೊಡದ್ರ ಮತ್ತೇನಾದೀತು. ಮನುಷ್ಯಾನ ಪುಪ್ಪುಸಾನೂ ಹಿಂಗ ಆಗಿರಬೇಕು ಒಳಗ.

ಹೊಸಾದು ತಗೀರಿ ಮತ್ತ... ಇದೇನು, ಬಟ್ಟಿ ಮ್ಯಾಲ ಎರಡು ಇಟ್ರಿ? ಯಾವ್ದು ಅಂತ ನನ್ನ ಕೇಳ್ತೀರಿ? ಹಹ್ಹಾ, ಪರೀಕ್ಷಾ! ಉಸ್ತಾದ್, ನಿಮ್ಮ ಚಟ ಹೋಗಲಿಲ್ಲ ನೋಡ್ರಿ! ಕಲಿಯಾಕ ಬಂದಾಗ ಹಿಂಗ ಇಡ್ತಿದ್ರಿ. ಎರಡರದೂ ಉದ್ದ ಒಂದ, ದಪ್ಪ ಒಂದ. ತಳ ತಿರುವಿ ನೋಡಿದಾವ ಪಾಸು, ನೋಡದಾವ ಫೇಲು. ಕೊಡ್ರಿಲ್ಲಿ. ಕಣ್ಣು ಮುಚ್ಕೊಂಡು ಹೇಳ್ತೀನಿ. ಇದು, ಈ ಕೈಯಾಗಿಂದು, ತಳದಾಗ ತೂತು ಐತಿ. ಎಣ್ಣಿ ಸೋಸಿ ಇದರಾಗಿಂದ ಹಾದು ಮ್ಯಾಲ ಏರ್ತೈತಿ. ಇದು ನಂದು. ಇನ್ನೊಂದು ಬ್ಯಾರೆ ಗಾಡೀದು, ತಳ ಮುಚ್ಚಿದ್ದು. ಬುಲೆಟ್ಟಿಗೂ ಕುಂಡ್ರತೈತಿ, ಮುಚ್ಚಳಾನೂ ಸರಿ ಬೀಳ್ತೈತಿ, ಹೊರಗಿಂದ ಯಾರಪ್ಪಗೂ ಗೊತ್ತಾಗಂಗಿಲ್ಲ. ಆದ್ರ ಎಣ್ಣಿ ದಾರಿ ಬಂದ್. ಓಣ್ಯಾಗ ಓಡ್ತೈತಿ, ಊರು ದಾಟ್ತೈತಿ, ಜೋರು ಹಿಡದ ಮ್ಯಾಲ ಇಂಜಿನ್ ಕಾದು ಕಾದು ಕಚ್ಕೋತೈತಿ, ಹಿಂದಿನ ಗಾಲಿ ಗಪ್ಪನ ನಿಂತ್‌ಬಿಡ್ತೈತಿ. ಪಾಸಾ, ಫೇಲಾ? ಅಲ್ರಿ, ಈ ಹಾಳಾದ್ದನ್ನ ಯಾಕ ಇನ್ನಾ ಇಟ್ಕೊಂಡೀರಿ? ಆಸಿಂ ಗಾಡ್ಯಾಗಿಂದ ತೆಗೆದಾಗ್ಲೇ ಒಗೀಬೇಕಿತ್ತು.

ಏನು?

ಯಾಕ ಹಂಗ ನೋಡ್ತೀರಿ? ಏನಂದೆ ನಾ? ತಳ ಮುಚ್ಚಿದ್ದು ಅಂದೆ... ಬ್ಯಾರೆ ಗಾಡೀದು ಅಂದೆ... ಆಸಿಂ ಗಾಡ್ಯಾಗಿಂದು ಅಂದೆನೇನು?... ಅಂದ್ರೇನಾತು? ಸ್ಟೇಷನ್ನಿನಾಗ ಅಂತಿದ್ರು ಪೊಲೀಸ್ರು. ಫಿಲ್ಟರ್ ತಪ್ಪು ಇತ್ತು ಅಂತ. ಅವರು ಬಿಚ್ಚಿ ನೋಡಿ... ಬಿಚ್ಚಿಲ್ಲ. ಹೌದು, ಬಿಚ್ಚಿಲ್ಲ ಅವರು. ಲಾರಿ ಬಡೀತು ಅಂತ ಬರ್ಕೊಂಡು ನಜ್ಜುಗುಜ್ಜಾದ ಗಾಡಿ ಹಂಗ ಕೊಟ್ರು. ನೀವ ಟಂಟಂದಾಗ ಹಾಕ್ಕೊಂಡು ಬಂದ್ರಿ. ನೀವೊಬ್ರ ಬಿಚ್ಚೀರಿ. ಬಾಗಲಾ ಹಾಕ್ಕೊಂಡು ಬಿಚ್ಚೀರಿ. ಯಾರ ಮುಂದೂ ಬಾಯಿ ಬಿಟ್ಟಿಲ್ಲ...

ಅದಕ್ಕ ಬಾಯಿಗೆ ಬೀಗ ಹಾಕ್ಕೊಂಡಿದ್ದಾ? ಹಾಂ? ನಾ ಬರಲಿ ಅಂತ ಕುಂತಿದ್ದಿಯಾ? ಲೇ ಮುದುಕಾ! ಮಾತಾಡಲೇ! ಯಾರಿಗೆ ಇಡ್ತೀಯಲೇ ಪರೀಕ್ಷಾ? ಈ ಡಬ್ಬಿ, ಈ ಪಾನಾ, ಈ ನಿನ್ನ ಬೋಗಾಣಿ... ತಗೋ! ತಗೋ! ಎಲ್ಲಾ ಬೀದ್ಯಾಗ ಬೀಳ್ಲಿ! ಈ ರಾಡ್ ನೋಡಿದ್ಯಾ? ಜೋಗಪ್ಪನ ತಲಿ ನೋಡೈತಿ ಇದು, ವೆಂಕಣ್ಣನ ಮಣಕಾಲು ನೋಡೈತಿ, ನಿನ್ನ ಮುದಿ ಬುರುಡಿಗೆ ಒಂದ ಏಟು ಸಾಕು! ಯಾಕ ಕೈ ಅಡ್ಡ ಹಿಡಿಯವಲ್ಲಿ? ಹಿಡಿಯಲೇ ಕೈ ಅಡ್ಡ! ಯಾಕ ಹಂಗ ಕುಂತೀದಿ, ಹೊಡಿ ಅಂತ ತಲಿ ಕೊಟ್ಕೊಂಡು!

...ಚಾಚಿ, ನೀವು ಒಳಗ ಹೋಗ್ರಿ. ಏನಿಲ್ಲ. ಡಬ್ಬಿ ಬಿತ್ತು. ಒಳಗ ಹೋಗ್ರಿ ಅಂದೆನಲ್ಲ! ಅಯ್ಯ ಶಿವನ, ಅವರ ಕಾಲು... ಎಣ್ಣ್ಯಾಗ ಜಾರ್ತಾರ, ಹಿಡ್ಕೋರಿ ಉಸ್ತಾದ್ ಅವರನ್ನ... ಬಾಯಿ ತಪ್ಪಿ 'ಲೇ' ಅಂದೆ, ತಪ್ಪಾತು. ತಪ್ಪಾತು ಅಂದೆ.

ತಡೀರಿ, ಫೋನು. ಸಾಹುಕಾರ್ರದು... ಒಂದು ಮಾತು ಆಡಬ್ಯಾಡ್ರಿ.

ಹಲೋ... ಅಣ್ಣಾ... ಉಸ್ತಾದ್ ಅಂಗಡ್ಯಾಗ ಅದೀನಿ ಅಣ್ಣಾ... ಲೇದಣ್ಣಾ, ಲೇದು. ಮುಸಲೋಡಿಕಿ ಏಮೀ ತೆಲಿಯದು... ಇಲ್ಲಣ್ಣಾ, ನಾನ ಕೇಳಿದೆ, ಕೆದಕಿ ಕೆದಕಿ ಕೇಳಿದೆ... ಹುಚ್ಚು ಹಿಡದಂಗ ಕುಂತಾನಣ್ಣಾ, ಮಾತಿಲ್ಲ ಕತಿ ಇಲ್ಲ... ಏಯ್, ಯಾರಲೇ ಅದು ಬಾಗಲಾಗ? ಜಾತ್ರಿ ನಡದೈತೇನು? ಹೋಗ್ರಲೇ ನಿಮ್ಮ ನಿಮ್ಮ ಕೆಲಸಕ್ಕ!... ನಿಮಗಲ್ಲಣ್ಣಾ. ಚಾದಂಗಡಿ ಮಂದಿ, ಡ್ರೈವರ್ರು, ಹಮಾಲ್ರು, ಸಪ್ಪಳ ಕೇಳಿ ಬಂದಾರ... ಬಂದೆ, ಬಂದೆ. ಕುರುಗೋಡಿಗೆ ಈಗ ಹೊಂಟೆ. ಗಾಡಿ ಆತು. ವಸ್ತುನ್ನಾನಣ್ಣಾ.

ಕೇಳಿದ್ರಿಲ್ಲೋ? ಮುದುಕನಿಗೆ ಏನೂ ಗೊತ್ತಿಲ್ಲ ಅಂದೆ. ಸಾಹುಕಾರ್ರಿಗೆ ಸುಳ್ಳು ಹೇಳಿದೆ, ಈ ಜನ್ಮದಾಗ ಮೊದಲ ಸಲ. ನಿಮ್ಮ ಜೀವ ಉಳೀತು ತಿಳೀತಾ? ಈಗರ ಹೂಂ ಅನ್ರಿ. ನಾಳಿ ಸಿರುಗುಪ್ಪ ಬಸ್ ಹತ್ರಿ. ನಾ ಏನೂ ಅಂದಿಲ್ಲ, ನೀವು ಏನೂ ಕೇಳಿಲ್ಲ. ಮುಗೀತು.

ಅರೆ, ಹಾಕಿಬಿಟ್ರಿ? ನಾ ಆ ಕಡಿ ಮಾರಿ ಮಾಡಿದ್ರಾಗ? ಫಿಲ್ಟರ್ ಹಾಕಿ, ಮುಚ್ಚಳಾ ಬಿಗಿದು, ಎಣ್ಣಿನೂ ಸುರುವೀರಿ. ಭೇಷ್, ಕೈ ಇನ್ನಾ ನಡುಗಂಗಿಲ್ಲ ನಿಮ್ಮುವು...

ಯಾವ್ದು ಹಾಕಿದ್ರಿ?

ಅಲ್ಲ, ಸುಮ್ಮ ಕೇಳಿದೆ. ನಾ ತೋರಿಸಿದ್ದ ಹಾಕಿರ್ತೀರಿ. ಬಟ್ಟಿ ಮ್ಯಾಲ ಇನ್ನೊಂದು ಇಲ್ಲಲ್ಲ, ಅದಕ್ಕ ಕೇಳಿದೆ. ಕೈಯಾಗ ಹಿಡ್ಕೊಂಡೀರೇನು? ಮುಷ್ಟಿ ತಗೀರಿ, ನೋಡೂಣು... ಬ್ಯಾಡಾ? ಬ್ಯಾಡಾದ್ರ ಬ್ಯಾಡ ಬಿಡ್ರಿ. ಕಿಕ್ ಹೊಡೀರಿ. ಹಾಂ! ಒಂದ ಕಿಕ್ಕಿಗೆ ಚಾಲೂ! ಗುಡುಗುಡು ಗುಡುಗುಡು, ಕೇಳ್ರಲೇ, ಎಂಥಾ ಸಪ್ಪಳ! ಉಸ್ತಾದ್ರ ಕೈ ಅಂದ್ರ ಇದು.

ಎಣ್ಣಿ ತೋರಿಸ್ರಿ.

ಮ್ಯಾಲಿನ ಬೋಲ್ಟು ಸಡ್ಲ ಮಾಡ್ರಿ, ಎಣ್ಣಿ ಏರಿದ್ದು ತೋರಿಸ್ರಿ... ಎಲ್ಲಿಗ್ ಹೊಂಟ್ರಿ? ಕೈ ಒರೆಸ್ಕೊಂಡ್ರಿ, ಕುಂತ್ರಿ. ಬಂದ್ ಮಾಡಿ ಚಾವಿ ಸೀಟಿನ ಮ್ಯಾಲ ಇಟ್ರಿ. ಹಿಂಗ ಯಾವತ್ತಿತ್ರಿ ನಿಮ್ಮ ಅಂಗಡ್ಯಾಗ? ಬರ್ರಿ, ಮೊದಲ ಸುತ್ತು ನಿಮ್ಮದು. ದರ್ಗಾ ತನಕ ಹೋಗಿ ಬರ್ರಿ. ಈ ಮಂದಿ ನೋಡಾಕತ್ತೈತಿ... ನೀವ ಹೇಳ್ರಪ್ಪಾ, ಉಸ್ತಾದ್ರು ಮೊದಲ ಸುತ್ತು ಹೊಡೀದ ಗಾಡಿ ಯಾವತ್ತರ ಕೊಟ್ಟಾರೇನು? ನೋಡ್ರಿ, ಯಾವತ್ತೂ ಕೊಟ್ಟಿಲ್ಲ ಅಂತಾರ. ಏಳ್ರಿ. ಏಳ್ರಿ ಉಸ್ತಾದ್. ನಿಮ್ಮ ರಿವಾಜು ಅದು, ನಂದಲ್ಲ.

ಆಗ್ಲಿ. ನಾ ಹೋಗ್ತೀನಿ. ಹೋಗಂಗಿಲ್ಲ ಅನ್ಕೊಂಡ್ರೇನು? ನೋಡ್ರಿ, ಹತ್ತಿದೆ. ಚಾವಿ ಹಾಕಿದೆ. ಕಿಕ್ ಹೊಡದೆ. ಗೇರ್...

ಕುರುಗೋಡು ರೋಡಿನಾಗೂ ಲಾರಿ ಭಾಳ ಓಡಾಡ್ತಾವ. ಹಿಂದ ಮುಂದ ಬರೇ ಲಾರಿ.

ಸುಮ್ನ ಕುಂತು ನೋಡಬ್ಯಾಡ್ರಿ! ಆ ಕಣ್ಣು ತಗೀರಿ ನನ್ನ ಮ್ಯಾಲಿಂದ! ಹೇಳ್ರಿ, ಯಾವ್ದು ಹಾಕೀರಿ? ತೂತಿಂದೋ, ಮುಚ್ಚಿದ್ದೋ? ಒಂದ ಮಾತು! ಯಾಕ ಹೇಳವಲ್ಲಿ? ಹೇಳೋ ಚಾಚಾ! ಆಸಿಂಗ ನಾ ಹಾಕಿದ ಫಿಲ್ಟರ್ ನಂಗ ಹಾಕೀಯಾ? ಹಾಂ? ಅದನ್ನ ಹಾಕೀಯಾ, ನಾ ಅವನಿಗೆ ಹಾಕಿದ್ದನ್ನ? ನನ್ನೂ ಕುಡತಿನಿ ರೋಡಿಗೆ ಕಳಸ್ತೀಯಾ?

ಪಾನಾ ಎಲ್ಲಿ? ಯಾರಲೇ ಪಾನಾ ತಗೊಂಡಾರ, ಕೊಡ್ರಿ! ನಾನ ಬಿಚ್ಚಿ ನೋಡ್ತೀನಿ. ನಂಗ ಬರಂಗಿಲ್ಲ ಅನ್ಕೊಂಡಿಯೇನು? ಈ ಕೈಲೇ ಬಿಚ್ಚೀನಿ ಅವತ್ತು. ನೀ ಸುಹಾನಾನ ಬಾಣಂತನ ಅಂತ ಸಿರುಗುಪ್ಪಕ್ಕ ಹೋಗಿದ್ದಿ. ಅಂಗಡ್ಯಾಗ ನಿನ್ನ ಮಗ ಒಬ್ಬನ. 'ಗವ್ಯಾ, ನಾಳಿ ಹೊಸಪೇಟಿ ಕೋರ್ಟಿಗೆ ಹೋಗಬೇಕು, ಎಣ್ಣಿ ಬದಲಿ ಮಾಡು' ಅಂತ ಗಾಡಿ ನನ್ನ ಕೈಗೆ ಕೊಟ್ಟ. ನನ್ನ ಮ್ಯಾಲ ಸಾಕ್ಷಿ ಹೇಳಾಕ ಹೋಗೋ ಗಾಡಿ, ನನ್ನ ಕೈಗೆ! ಎಂಥಾ ಹುಚ್ಚನೋ ಅವ! ಜಗಳ ಬ್ಯಾರೆ, ಗಾಡಿ ಬ್ಯಾರೆ ಅಂತ ನೀನ ಕಲಿಸಿದ್ದಿ ಅವಂಗ. ನಿನ್ನ ರದ್ದಿ ಡಬ್ಬ್ಯಾಗಿಂದ ತಗೊಂಡೆ ಆ ಫಿಲ್ಟರು. ಎಣ್ಣಿ ತೋರಿಸ್ಲೇನು ಅಂದೆ. 'ನೀ ಹಾಕಿದ ಮ್ಯಾಲ ನೋಡೋದೇನೈತೋ' ಅಂದು ನಕ್ಕ. ಮೊದಲ ಸುತ್ತೂ ಹೊಡದೆ ಚಾಚಾ, ದರ್ಗಾ ತನಕ ಹೋಗಿ ಬಂದೆ, ನಿನ್ನಂಗ ಚಾವಿ ಕೈಯಾಗ ಕೊಟ್ಟೆ. ಅಷ್ಟು ದೂರಕ್ಕ ಏನೂ ಆಗಂಗಿಲ್ಲ ಅಂತ ನಂಗ ಗೊತ್ತಿತ್ತು...

ಆ! ಸುಡ್ತೈತಿ! ಎಣ್ಣಿ... ಬಂತು, ಮುಚ್ಚಳಾ ಬಂತು. ಬಾರಲೇ ಹೊರಗ, ಬಾ, ತೋರ್ಸು ನಿನ್ನ ತಳ...

ತೂತು.

ತೂತಿಂದು ಇದು. ಸರಿಯಾದ್ದು. ನಾ ತೋರಿಸಿದ್ದ ಹಾಕೀರಿ... ಸರಿಯಾದ್ದ ಹಾಕಿ ಸುಮ್ನ ಕುಂತಿದ್ರಾ? ಮತ್ತ ಎಣ್ಣಿ ಯಾಕ ತೋರಿಸಲಿಲ್ಲ? ಮೊದಲ ಸುತ್ತು ಯಾಕ ಹೊಡೀಲಿಲ್ಲ? ಹಾಂ?... ಓ... ಜಂಗ್ ಹಿಡದ ನಟ್ಟು. ಒಂದು ಹನಿ ಎಣ್ಣಿ ಬಿಟ್ಟು ಸುಮ್ಮಕ ಕುಂತ್ರಿ. ನಾನ ಸಡ್ಲ ಬಿಟ್ಟೆ, ಈ ಮಂದಿ ಮುಂದ.

ಯಾಕ ಇಷ್ಟು ಹತ್ರ ಬಂದ್ರಿ? ಸರೀರಿ, ಗಾಡಿ ತಿರುವಬೇಕು. ನಾ ಸಿಟ್ಟಿನಾಗ ಏನೇನೋ ಅಂದೆ, ಅದೆಲ್ಲ ಸುಳ್ಳು... ನನ್ನ ರಾಡ್ ಎಲ್ಲಿ? ಇಲ್ಲೇ ಇತ್ತು. ಚನ್ನವೀರಮ್ಮಾ, ಅದು ನಂದು, ಕೊಡಬೆ ಇತ್ಲಾಗ. ಭಾರ ಐತಿ ಅದು, ನಿನ್ನ ಕೈಲೆ ಎತ್ತಾಕ ಆಗಂಗಿಲ್ಲ... ಷಟರ್ ಯಾಕ ಎಳೀತೀರಲೇ? ಯಾರ ಗಾಡೀಗೆ ಅಡ್ಡ ನಿಂತೀರಿ ಗೊತ್ತೈತೇನು? ಫೋನ್... ಫೋನ್ ಎಣ್ಣ್ಯಾಗ ಬಿತ್ತು...

ಚಾಚಾ. ನಿಮ್ಮ ಮಾತು ಮೀರಂಗಿಲ್ಲ ಈ ಮಂದಿ. ನಾ ನಿಮ್ಮ ಮನ್ಯಾಗ ಉಂಡಾವ. ಸಾಹುಕಾರ್ರಿಗೆ ಸುಳ್ಳು ಹೇಳಿ ನಿಮ್ಮನ್ನ ಉಳಿಸಿದೆ, ಈಗ, ನಿಮ್ಮ ಕಣ್ಣೆದುರಿಗೆ. ಬಿಡ್ರಿ ಅವನ್ನ ಅಂತ ಅನ್ರಿ. ಪೊಲೀಸರಿಗೆ ಕೊಡ್ರಿ ಅಂತರ ಅನ್ರಿ. ಒಂದ ಮಾತು, ಚಾಚಾ. ಹೂಂ ಅನ್ರಿ... ಊಹೂಂ ಅನ್ರಿ...

ಏನರ ಅನ್ರಿ ಚಾಚಾ...